ವಿಳಾಸದ ಕೊನೆ ನೋಡಿ



“ನಿಮ್ಮ ಖಾತೆ ಇಂದು ರಾತ್ರಿಯೇ ಬಂದ್ ಆಗುತ್ತದೆ, ಕೂಡಲೇ ಕೆವೈಸಿ ಮಾಡಿ” ಎಂಬ ಸಂದೇಶ ಮೊಬೈಲಿಗೆ ಬಂದರೆ ಗಾಬರಿಯಾಗಬೇಡಿ. ಕೆಳಗಿರುವ ಲಿಂಕನ್ನು ಒತ್ತಿದರೆ ನಿಮ್ಮ ಬ್ಯಾಂಕಿನದರಂತೆಯೇ ಕಾಣುವ ಪುಟ ತೆರೆಯುತ್ತದೆ. ಅಲ್ಲಿ ತುಂಬಿದ ಪಾಸ್‌ವರ್ಡು, ಓಟಿಪಿ ನೇರವಾಗಿ ಮೋಸಗಾರರ ಕೈ ಸೇರುತ್ತವೆ.

ಗಡಿಯವರಾದ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಒಂದೇ ಹೆಸರಿನ ಊರು ಗಡಿಯ ಈಚೆಗೂ ಇರಬಹುದು, ಆಚೆಗೂ ಇರಬಹುದು. ಕಾಗದ ಯಾವ ಊರಿಗೆ ಸೇರಬೇಕೆಂದು ಹೇಳುವುದು ತಾಲೂಕು, ಜಿಲ್ಲೆ, ರಾಜ್ಯ ಬರೆದ ಕೊನೆಯ ಸಾಲು. ಅಂತರಜಾಲದ ವಿಳಾಸವೂ ಹಾಗೆಯೇ. ಮೊದಲಿಗೆ ಬ್ಯಾಂಕಿನ ಹೆಸರನ್ನು ಯಾರು ಬೇಕಾದರೂ ಸೇರಿಸಬಹುದು. ಆದ್ದರಿಂದ ಕೊನೆ ನೋಡಿ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು. ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಈ ಕೊನೆ ಸಿಗುವುದಿಲ್ಲ. ಸಂಶಯ ಬಂದರೆ ಲಿಂಕನ್ನು ಮುಟ್ಟದೆ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ ಕೇಳಿ.

ಫೋನಿನಲ್ಲಿ ಕನ್ನಡ ಮಾತಾಡಿದ ಮಾತ್ರಕ್ಕೆ ನಮ್ಮವರೆಂದು ನಂಬಬೇಡಿ. ಮೋಸಗಾರರಿಗೆ ನಮ್ಮ ಎರಡೂ ಭಾಷೆ ಬರುತ್ತವೆ. ಬ್ಯಾಂಕಿನಲ್ಲಿ ದುಡಿದವನಾಗಿ ಹೇಳುತ್ತೇನೆ: ಬ್ಯಾಂಕಿನವರು ಫೋನು ಮಾಡಿ ಓಟಿಪಿ ಕೇಳುವುದಿಲ್ಲ. ನಿಮಗೆ ಹಣ ಬರಲು ಯುಪಿಐ ಪಿನ್ ಒತ್ತಬೇಕಾಗಿಯೂ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ.

ಒಂದು ವೇಳೆ ಹಣ ಹೋದರೆ ನಾಚಿಕೊಂಡು ಸುಮ್ಮನಿರಬೇಡಿ. ಯಾವ ರಾಜ್ಯದಲ್ಲಿದ್ದರೂ ಸರಿ, ಆ ಕ್ಷಣವೇ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ಕಳ್ಳರು ಹಣ ತೆಗೆಯುವ ಮುನ್ನ ಸುದ್ದಿ ಮುಟ್ಟಿದರೆ ಅದನ್ನು ತಡೆಹಿಡಿಯಬಹುದು.