ಬಾಣಲೆಯ ಎಣ್ಣೆ

ದೀಪಾವಳಿಯು ಸಮೀಪಿಸಿತೆಂದರೆ ಮಳವಳ್ಳಿ ತಾಲ್ಲೂಕಿನ ಹಲಗೂರು ಸೀಮೆಯ ಮನೆಗಳಲ್ಲಿ ಬಾಣಲೆಯು ಒಲೆಯನ್ನೇರುವುದು; ಕಜ್ಜಾಯದ ಪರಿಮಳವು ಬೀದಿಯವರೆಗೂ ಹರಡುವುದು. ನೆರೆಯ ಮದ್ದೂರಿನ ವಡೆಯಂತೂ ನಾಡಿನಲ್ಲೆಲ್ಲಾ ಹೆಸರಾದುದು. 1917ರಲ್ಲಿ ಅಲ್ಲಿನ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು, ಗಾಡಿಯು ಬೇಗನೆ ಬಂದುದರಿಂದ, ಕೈಗೆ ಸಿಕ್ಕ ಹಿಟ್ಟುಗಳನ್ನು ಕಲಸಿ, ತಟ್ಟಿ, ಕರಿದು ಕೊಟ್ಟರೆಂದು ಪ್ರತೀತಿ. ಇಂತಹ ಸೀಮೆಯವರಿಗೆ ಕರಿಯುವುದನ್ನು ಕಲಿಸಬೇಕಾದುದಿಲ್ಲ. ಆದರೆ ಅದರ ಮರ್ಮವನ್ನರಿತರೆ ರುಚಿಯೂ ಆರೋಗ್ಯವೂ ಉಳಿಯುವುವು.

ನೀರು ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದು. ಕರಿಯುವ ಎಣ್ಣೆಯ ಕಾವಾದರೋ ಸಾಮಾನ್ಯವಾಗಿ 160ರಿಂದ 180 ಡಿಗ್ರಿ. ಹಿಟ್ಟು ಬಿದ್ದೊಡನೆ ಅದರೊಳಗಿನ ನೀರು ಆವಿಯಾಗಿ ಹೊರನುಗ್ಗುವುದು. ನಾವು ಕಾಣುವ ಗುಳ್ಳೆಗಳು ಇವೇ. ಆವಿಯು ರಭಸದಿಂದ ಹೊರಡುತ್ತಿರುವಾಗ ಎಣ್ಣೆಗೆ ಒಳಹೋಗಲು ಎಡೆ ಕಡಮೆ. ತಿಂಡಿಯನ್ನು ಹೊರತೆಗೆದು ಅದು ಆರತೊಡಗಿದಾಗಲೇ ಮೈಗಂಟಿದ ಎಣ್ಣೆಯ ಬಹುಭಾಗವು ಒಳಸೇರುವುದು. ಕಜ್ಜಾಯವನ್ನು ಬಿಸಿಯಲ್ಲಿಯೇ ಒತ್ತಿ ಎಣ್ಣೆ ಹಿಂಡುವ ನಮ್ಮ ಹಿರಿಯರ ಪದ್ಧತಿಯು ಎಷ್ಟು ಯುಕ್ತವಾದುದು!

ಕಾವು ಸಾಲದಿದ್ದರೆ ತಿಂಡಿಯು ಎಣ್ಣೆಯನ್ನು ಹೀರಿ ಜಿಡ್ಡಾಗುವುದು. ಮಿತಿಮೀರಿದರೆ ಹೊರಗೆ ಸೀದು ಒಳಗೆ ಹಸಿಯಾಗುವುದು. ಮದ್ದೂರು ವಡೆಯನ್ನು ತೆಳ್ಳಗೆ ತಟ್ಟಿ ಹದವಾದ ಉರಿಯಲ್ಲಿ ನಿಧಾನವಾಗಿ ಕರಿಯುವುದರಿಂದ ಒಳಗಿನ ನೀರೂ ಹೋಗಿ, ಅದು ಒಂದೆರಡು ದಿನ ಕೆಡದೆ ನಿಲ್ಲುವುದು. ಮೆತ್ತಗಿನ ಉದ್ದಿನ ವಡೆಗೆ ಆ ಬಾಳಿಕೆಯಿಲ್ಲ. ಒಮ್ಮೆಗೆ ಬಾಣಲೆ ತುಂಬ ಹಾಕಿದರೆ ಎಣ್ಣೆಯ ಕಾವು ಇಳಿಯುವುದೆಂಬುದನ್ನೂ ಮರೆಯಬಾರದು.

ಉಳಿದ ಎಣ್ಣೆಯನ್ನು ಚೆಲ್ಲಲು ಗೃಹಿಣಿಯರಿಗೆ ಮನಸ್ಸು ಬಾರದು, ಅದು ಸಹಜವೇ. ಆದರೆ ಮತ್ತೆ ಮತ್ತೆ ಕಾಯಿಸಿದ ಎಣ್ಣೆಯು ಕೆಟ್ಟು, ಹಾನಿಕರ ವಸ್ತುಗಳು ಅದರಲ್ಲಿ ಹೆಚ್ಚುವುವು. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳೆಂಬುವು ಶೇಕಡ 25ನ್ನು ಮೀರಿದರೆ ಅದನ್ನು ಬಳಸಕೂಡದೆಂಬ ನಿಯಮವು ನಮ್ಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಇದನ್ನು ಅಳೆಯಲಾಗದು. ಕಪ್ಪು ಬಣ್ಣ, ನೊರೆ, ಕಮಟು ವಾಸನೆ, ಬೇಗನೆ ಏಳುವ ಹೊಗೆ, ಇವೇ ಗುರುತುಗಳು. ಒಮ್ಮೆ ಕರಿದ ಎಣ್ಣೆಯನ್ನು ಸೋಸಿ ಮುಚ್ಚಿಟ್ಟು, ಒಂದೆರಡು ದಿನಗಳೊಳಗೆ ಒಗ್ಗರಣೆಗೆ ಬಳಸಿ ಮುಗಿಸುವುದು ಲೇಸು. ಅದಕ್ಕಾಗಿ ಮೊದಲೇ ಎಣ್ಣೆಯನ್ನು ಅಳತೆಯಿಂದ ಇಡಬೇಕು.

ಕಡೆಯ ಮಾತು ಪ್ರಾಣಕ್ಕೆ ಸಂಬಂಧಿಸಿದುದು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು. ನೀರು ಎಣ್ಣೆಯ ಅಡಿಗಿಳಿದು, ಕ್ಷಣದಲ್ಲಿ ಆವಿಯಾಗಿ, ಉರಿಯುವ ಎಣ್ಣೆಯನ್ನು ನಾಲ್ಕು ಕಡೆಗೂ ಸಿಡಿಸುವುದು. ಒಲೆಯನ್ನು ಆರಿಸಿ, ಬಾಣಲೆಯ ಬಾಯಿಗೆ ಸರಿಯಾದ ಲೋಹದ ಮುಚ್ಚಳವನ್ನು ಜಾರಿಸಿ ಮುಚ್ಚಿ, ಪೂರ್ತಿ ಆರುವವರೆಗೆ ತೆರೆಯದಿರಬೇಕು. ಉರಿಯುವ ಬಾಣಲೆಯನ್ನು ಎತ್ತಿಕೊಂಡು ಓಡುವುದೂ ಅಪಾಯವೇ. ಹಬ್ಬದ ಸಡಗರದಲ್ಲಿ ಮಕ್ಕಳು ಒಲೆಯ ಬಳಿ ಸುಳಿಯದಂತೆ ನೋಡಿಕೊಂಡು, ಆ ಮುಚ್ಚಳವನ್ನು ಕೈಗೆಟಕುವಂತೆ ಇಟ್ಟುಕೊಂಡೇ ಬಾಣಲೆಯನ್ನು ಏರಿಸಬೇಕೆಂದು ನಮ್ಮ ಸೋದರಿಯರಲ್ಲಿ ಬಿನ್ನವಿಸುತ್ತೇವೆ.