ಬಡ ನೆಲದ ಬೇಟೆಗಾರ ಗಿಡಗಳು: ಯಗಟಿಯ ಬಯಲಿನಿಂದ ಚಂದ್ರದ್ರೋಣದವರೆಗೆ

ಚಿಕ್ಕಮಗಳೂರು ಜಿಲ್ಲೆಯೆಂದರೆ ಕಾಫಿ ತೋಟ ಮತ್ತು ಮಂಜು ಮುಸುಕಿದ ಗಿರಿಗಳೆಂದು ತಿಳಿದವರಿಗೆ ಅಷ್ಟಾಗಿ ಪರಿಚಯವಿಲ್ಲದ ಬಯಲುಸೀಮೆಯ ಭಾಗದಲ್ಲಿ, ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಯಗಟಿ ಇದೆ. ಪಡುವಣದಿಂದ ಬರುವ ಮೋಡಗಳನ್ನು ಚಂದ್ರದ್ರೋಣ ಪರ್ವತ ತಡೆದು ತನ್ನ ಮೈಮೇಲೆ ಇಳಿಸಿಕೊಂಡ ಬಳಿಕ ಉಳಿದದ್ದಷ್ಟೇ ಈ ಬಯಲಿಗೆ ದಕ್ಕುವುದರಿಂದ, ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಲ್ಲಿ ರಾಗಿ, ತೆಂಗು, ಕೆರೆ ಮತ್ತು ದನಕುರಿಗಳನ್ನು ನೆಚ್ಚಿದ ಬದುಕು ಇಲ್ಲಿ ರೂಪುಗೊಂಡಿದೆ. ಆದರೂ ಬೆಟ್ಟಕ್ಕೂ ಬಯಲಿಗೂ ನೀರಿನ ನಂಟು ಕಡಿದಿಲ್ಲ. ಬೆಟ್ಟದಿಂದಿಳಿಯುವ ವೇದಾ ಹೊಳೆ ಅಯ್ಯನಕೆರೆಯನ್ನೂ ಅವತಿ ಹೊಳೆ ಮದಗದ ಕೆರೆಯನ್ನೂ ತುಂಬಿಸಿ, ಮುಂದೆ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹೊಸದುರ್ಗದತ್ತ ಹರಿದು, 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಜಲಾಶಯವನ್ನು ಸೇರುತ್ತವೆ. ಕೀಟಗಳನ್ನು ಹಿಡಿದು ಅರಗಿಸಿಕೊಳ್ಳುವ ಸಸ್ಯಗಳನ್ನು ಅವುಗಳ ಸಹಜ ನೆಲೆಯಲ್ಲಿ ನೋಡಬಯಸುವವರಿಗೆ ಈ ಬಯಲು ಮತ್ತು ಆ ಬೆಟ್ಟ ಎರಡೂ ಒಂದೇ ಪಾಠದ ಎರಡು ಪುಟಗಳು.

ಕೀಟಾಹಾರಿ ಸಸ್ಯಗಳು ಉಳಿದ ಗಿಡಗಳಂತೆಯೇ ಬಿಸಿಲಿನಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಅವಕ್ಕೆ ಕೊರತೆಯಾಗುವುದು ಮುಖ್ಯವಾಗಿ ಸಾರಜನಕ ಮತ್ತು ರಂಜಕ. ಮಳೆನೀರು ಸತ್ವವನ್ನೆಲ್ಲ ತೊಳೆದೊಯ್ದ ಗರಸು ನೆಲ, ಮಣ್ಣೇ ನಿಲ್ಲದ ಹಾಸುಬಂಡೆ, ಸದಾ ನೀರು ಜಿನುಗುವ ಇಳಿಜಾರು ಇವುಗಳಲ್ಲಿ ಬೇರಿಗೆ ಸಿಗದುದನ್ನು ಎಲೆ ಕೀಟದಿಂದ ಪಡೆಯುತ್ತದೆ. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಈ ಸಸ್ಯಗಳ ಕುರಿತೇ ಒಂದು ಗ್ರಂಥ ಬರೆದರು. ಕೀಟ ದೊರೆತ ಗಿಡ ಕೀಟ ದೊರೆಯದ ಗಿಡಕ್ಕಿಂತ ಹೆಚ್ಚು ಬೀಜ ಕಟ್ಟುತ್ತದೆಂಬುದನ್ನು ಮೂರು ವರ್ಷಗಳ ಬಳಿಕ ಅವರ ಮಗ ಫ್ರಾನ್ಸಿಸ್ ಪ್ರಯೋಗದಿಂದ ತೋರಿಸಿದರು.

ಕರ್ನಾಟಕದ ಕಾಡುಮೇಡುಗಳಲ್ಲಿ ತಾವಾಗಿ ಬೆಳೆಯುವ ಕೀಟಾಹಾರಿಗಳು ಮುಖ್ಯವಾಗಿ ಎರಡು ಕುಲಗಳಿಗೆ ಸೇರಿವೆ. ಮೊದಲನೆಯದು ಡ್ರಾಸೆರಾ. ಅದರ ಎಲೆಯ ತುಂಬ ಕೆಂಪು ಎಳೆಗಳಿದ್ದು ಪ್ರತಿ ಎಳೆಯ ತುದಿಯಲ್ಲೂ ಒಂದು ಅಂಟು ಹನಿ ಇರುತ್ತದೆ; ಹುಲ್ಲಿನ ಮೇಲಿನ ಇಬ್ಬನಿ ಬಿಸಿಲೇರುತ್ತಲೇ ಆರಿಹೋದರೂ ಈ ಹನಿ ಆರದೆ ಹೊಳೆಯುತ್ತಿರುವುದರಿಂದ, ಹೊತ್ತು ಏರಿದ ಮೇಲೆ ನೆಲದ ಮಟ್ಟಕ್ಕೆ ಕಣ್ಣು ತಂದವರಿಗೆ ಗಿಡ ಸುಲಭವಾಗಿ ಗುರುತು ಸಿಗುತ್ತದೆ. ನುಸಿಯೊಂದು ಅಂಟಿಗೆ ಸಿಕ್ಕಿ ಒದ್ದಾಡಿದಷ್ಟೂ ಅಕ್ಕಪಕ್ಕದ ಎಳೆಗಳು ಅದರತ್ತ ಬಾಗುತ್ತವೆ, ಜೀರ್ಣರಸ ಒಸರುತ್ತದೆ, ಕೆಲವು ದಿನಗಳಲ್ಲಿ ಕೀಟದ ಒಣ ಸಿಪ್ಪೆಯಷ್ಟೇ ಉಳಿಯುತ್ತದೆ. ಎರಡನೆಯದಾದ ಯುಟ್ರಿಕ್ಯುಲೇರಿಯಾ ಕುಲದ ಗಿಡಗಳಿಗೆ ಬೇರೇ ಇಲ್ಲ. ಕೆರೆಯ ನೀರಿನಲ್ಲಿ ತೇಲುತ್ತ ಹಳದಿ ಹೂವನ್ನಷ್ಟೇ ಮೇಲಕ್ಕೆತ್ತುವ ಯುಟ್ರಿಕ್ಯುಲೇರಿಯಾ ಆರಿಯಾ ಎಂಬ ಜಾತಿಯ ಕವಲೆಳೆಗಳ ನಡುವೆ ಸಾಸಿವೆ ಕಾಳಿನ ಗಾತ್ರದ ಚೀಲಗಳಿರುತ್ತವೆ. ಚೀಲ ತನ್ನೊಳಗಿನ ನೀರನ್ನು ಹೊರಹಾಕಿ ಗೋಡೆಗಳನ್ನು ಒಳಕ್ಕೆ ಎಳೆದುಕೊಂಡು ಕಾದಿರುತ್ತದೆ. ಬಾಗಿಲ ಬಳಿಯ ರೋಮಕ್ಕೆ ನೀರಿನ ಸೂಕ್ಷ್ಮಜೀವಿ ತಾಗಿದ ಕೂಡಲೇ ಬಾಗಿಲು ತೆರೆದು, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ನೀರಿನೊಂದಿಗೆ ಜೀವಿಯೂ ಒಳಸೇರುತ್ತದೆ. ಸಸ್ಯಲೋಕದಲ್ಲಿ ಇಷ್ಟು ವೇಗದ ಬಲೆ ಬೇರೆಲ್ಲೂ ಕಾಣದು.

ಬಯಲುಸೀಮೆಯ ಡ್ರಾಸೆರಾಗಳಲ್ಲಿ ಎರಡು ಜಾತಿಗಳು ಮುಖ್ಯ. ಸಪೂರ ಎಲೆಗಳ, ತಿಳಿಗುಲಾಬಿ ಹೂವಿನ ಇಂಡಿಕಾ ಒಂದಾದರೆ, ನೆಲಕ್ಕಂಟಿ ಚಕ್ರಾಕಾರವಾಗಿ ಹರಡಿ, ಅಂಚಿನ ಎಳೆಗಳನ್ನು ಕೆಲವೇ ಸೆಕೆಂಡುಗಳಲ್ಲಿ ಮಡಿಸಬಲ್ಲ ಬರ್ಮನ್ನಿ ಮತ್ತೊಂದು. ಇವು ಬೆಳೆಯುವುದು ಕಾವಲು ಎನ್ನುವ ಮೇವಿನ ಹುಲ್ಲುಗಾವಲುಗಳ ತಗ್ಗು, ಹಾಸುಬಂಡೆಯಿಂದ ನೀರು ಸೋರಿ ಇಳಿಯುವ ಅಂಚು, ಕೆರೆಯ ಹಿನ್ನೀರು ಹಿಂದೆ ಸರಿದ ತೇವದ ಮರಳುನೆಲ ಮುಂತಾದ, ಉಳುಮೆಗೆ ಒದಗದ ಜಾಗಗಳಲ್ಲಿ. ಮಳೆ ಹಿಡಿದು ನೆಲ ನೆನೆದ ಮೇಲೆ ಮೊಳೆತು, ನೆಲ ಒಣಗುವುದರೊಳಗೆ ಬೀಜ ಉದುರಿಸಿ ಸಾಯುವ ಈ ಗಿಡಗಳನ್ನು ಹುಬ್ಬೆ, ಉತ್ತರೆ, ಹಸ್ತ ಮಳೆಗಳ ಕಾಲದಲ್ಲಿ ಹುಡುಕಬೇಕೇ ಹೊರತು ಬೇಸಿಗೆಯಲ್ಲಿ ಅವುಗಳ ಕುರುಹೂ ಇರುವುದಿಲ್ಲ.

ಚಂದ್ರದ್ರೋಣವೆಂದೂ ಕರೆಯುವ ಬಾಬಾಬುಡನ್‌ಗಿರಿ ಶ್ರೇಣಿಯ ಹುಲ್ಲುಗಾವಲಿನಲ್ಲಿ ನೋಟವೇ ಬೇರೆ. ಅಲ್ಲಿ ಬೆಳೆಯುವ ಡ್ರಾಸೆರಾ ಪೆಲ್ಟೇಟಾ ಹುಲ್ಲಿನ ನಡುವೆ ನೆಟ್ಟಗೆ ನಿಂತು, ಗುರಾಣಿಯಾಕಾರದ ಎಲೆಗಳನ್ನು ಚಾಚಿ ಬಿಳಿ ಹೂ ಬಿಡುತ್ತದೆ. ಬೇಸಿಗೆಯನ್ನು ಮಣ್ಣಿನೊಳಗೆ ಗಡ್ಡೆಯಾಗಿ ಕಳೆದು ಮುಂಗಾರಿಗೆ ಮತ್ತೆ ಚಿಗುರುತ್ತದೆ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯೂ ಇದೇ ಶ್ರೇಣಿಯಲ್ಲಿದ್ದು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ದಶಕಗಳ ಕಾಲ ಅದಿರು ಒದಗಿಸಿತು. ಆ ಕಬ್ಬಿಣದ ಕೆಂಪು ಮಣ್ಣಿನ ಬಡತನವೇ ಇಂಥ ಗಿಡಗಳಿಗೆ ಅನುಕೂಲ. ಯೋಗನರಸಿಂಹನ್, ಸುಬ್ರಹ್ಮಣ್ಯಂ ಮತ್ತು ರಾಜಿ ಎಂಬ ಸಸ್ಯವಿಜ್ಞಾನಿಗಳು 1981ರಲ್ಲಿ ಪ್ರಕಟಿಸಿದ ಚಿಕ್ಕಮಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ, ಬೆಟ್ಟ ಬಯಲುಗಳೆರಡನ್ನೂ ಒಟ್ಟಾಗಿ ಕಂಡ ಬಹುಮುಖ್ಯ ದಾಖಲೆ.

ಈ ಗಿಡಗಳ ದೊಡ್ಡ ಶತ್ರು ಬರವಲ್ಲ, ನೆಲವನ್ನು ಸುಧಾರಿಸಬೇಕೆಂಬ ಸದುದ್ದೇಶವೇ ಎಂಬುದನ್ನು ನೋವಿನಿಂದಲೇ ಹೇಳಬೇಕಾಗಿದೆ. ಮರವಿಲ್ಲದ ನೆಲವೆಲ್ಲ ಪಾಳು ಎಂದು ಭಾವಿಸಿ ಹುಲ್ಲುಗಾವಲಿನಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟರೆ ನೆರಳು ಕವಿದು, ಜಿನುಗು ಬತ್ತಿ, ಡ್ರಾಸೆರಾ ಕಣ್ಮರೆಯಾಗುತ್ತದೆ. ಹೊಲದ ಗೊಬ್ಬರ ಮಳೆನೀರಿನೊಂದಿಗೆ ಕೆರೆ ಸೇರಿದರೆ, ಸತ್ವ ಹೀರಿ ಕೊಬ್ಬುವ ಜೊಂಡು ಮತ್ತು ಅಂತರಗಂಗೆಯ ನಡುವೆ ಯುಟ್ರಿಕ್ಯುಲೇರಿಯಾಕ್ಕೆ ಬೆಳಕೇ ಸಿಗದು. ಬೆಟ್ಟದಲ್ಲಿ ದಾರಿ ಬಿಟ್ಟು ಇಳಿಜಾರಿಗೆ ನುಗ್ಗುವ ಜೀಪು ಹಾಗೂ ಬೈಕುಗಳು ಮಾಡಿದ ಗಾಲಿಜಾಡು ನೀರಿನ ಹರಿವನ್ನೇ ತಿರುಗಿಸಿಬಿಡುತ್ತದೆ. ಪೆಲ್ಟೇಟಾವನ್ನು ಸ್ವರ್ಣಭಸ್ಮದ ತಯಾರಿಕೆಯಲ್ಲಿ ಬಳಸುವ ರೂಢಿಯೂ ಇರುವುದರಿಂದ ಕೀಳುವ ಕೈಗಳಿಗೂ ಕೊರತೆಯಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆರನೇ ಅನುಸೂಚಿಯಲ್ಲಿ ಬಹುಕಾಲ ಇದ್ದ ಆರು ಬಗೆಯ ಸಸ್ಯಗಳಲ್ಲಿ ಮೇಘಾಲಯದ ಹೂಜಿ ಗಿಡವೊಂದೇ ಕೀಟಾಹಾರಿಯಾಗಿತ್ತು. ಗಿಡದ ಹೆಸರಿನಲ್ಲಿ ರಕ್ಷಣೆ ಸಿಗದೆಡೆ ನೆಲದ ಹೆಸರಿನಲ್ಲಿ ಅದು ಸಿಗಬಲ್ಲದು ಎಂಬುದಕ್ಕೆ ಕಡೂರು ತಾಲ್ಲೂಕಿನಲ್ಲೇ ಮಾದರಿಯಿದೆ: ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳ ಮೇವಿಗೆ ಮೀಸಲಾಗಿದ್ದ ಬಾಸೂರು ಕಾವಲಿನ ಸುಮಾರು 736 ಹೆಕ್ಟೇರ್ ಹುಲ್ಲುಗಾವಲನ್ನು 2011ರಲ್ಲಿ ಸರ್ಕಾರ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಅದು ಕೃಷ್ಣಮೃಗಕ್ಕಾಗಿ ನಡೆದ ಕೆಲಸವಾದರೂ ಮರ ನೆಡದೆ, ಉಳದೆ, ಬಯಲನ್ನು ಬಯಲಾಗಿಯೇ ಉಳಿಸುವುದು ಥಟ್ಟನೆ ಕಣ್ಣಿಗೆ ಬೀಳದ ಈ ಗಿಡಗಳಿಗೂ ಅಷ್ಟೇ ಬೇಕಾದದ್ದು. 2002ರ ಜೀವವೈವಿಧ್ಯ ಕಾಯ್ದೆಯ ವ್ಯವಸ್ಥೆಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಜೀವಿಗಳ ದಾಖಲಾತಿ ಮಾಡಬೇಕಿದ್ದು, ಯಗಟಿ ಹೋಬಳಿಯಂಥ ಕಡೆ ಕೆರೆಯಂಚು, ಹಾಸುಬಂಡೆ, ಕಾವಲುಗಳನ್ನು ಉತ್ತರೆ ಮಳೆಯ ಹೊತ್ತಿಗೆ ಶಾಲಾ ಮಕ್ಕಳೂ ದನ ಕಾಯುವವರೂ ಸೇರಿ ನೋಡಿ ಬರೆದಿಟ್ಟರೆ, ಮುಂದೆ ಹೂಳೆತ್ತುವ ಯಂತ್ರ ಅಥವಾ ಸಸಿ ನೆಡುವ ಯೋಜನೆ ಬಂದಾಗ ಯಾವ ತುಂಡು ನೆಲವನ್ನು ಮುಟ್ಟಬಾರದೆಂದು ತೋರಿಸಲು ಪಂಚಾಯಿತಿಯ ಕೈಯಲ್ಲಿ ಒಂದು ಪುಸ್ತಕವಿರುತ್ತದೆ.