ಗಿಡ್ಡಾದ ಕೈಕಾಲು: ತಪ್ಪು ಯಾರದು?

ಕೈಕಾಲು ಗಿಡ್ಡಾದ ಮಗು ಹುಟ್ಟಿದರೆ ನಮ್ಮ ಚಾಳುಗಳಲ್ಲಿ ಮೊದಲು ಬಾಣಂತಿಯನ್ನೇ ವಿಚಾರಿಸುತ್ತಾರೆ: ಗ್ರಹಣದ ದಿನ ಹೊರಗೆ ಹೋಗಿದ್ದೆಯಾ, ಏನು ತಿಂದೆ? ಈ ವಿಚಾರಣೆ ಅನ್ಯಾಯದ್ದೆಂದು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ.

ಉದ್ದನೆಯ ಎಲುಬುಗಳು ಬೆಳೆಯುವುದು ತುದಿಯ ಮೃದ್ವಸ್ಥಿಯಲ್ಲಿ. ಅಲ್ಲಿಯ ಜೀವಕೋಶಗಳ ಮೈಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಮನೆಬಾಗಿಲ ಕರೆಗಂಟೆಯ ಗುಂಡಿ ಒತ್ತಿದಂತೆ, ಹೊರಗಿನ ಸಂದೇಶವಸ್ತು ಬಂದು ತಗುಲಿದರೆ ಒಳಗೆ ಸದ್ದಾಗುತ್ತದೆ. ಇವುಗಳಲ್ಲಿ ಎಫ್.ಜಿ.ಎಫ್. ಗ್ರಾಹಕ 3 ಎಂಬುದು ಕೊಡುವ ಸುದ್ದಿ, 'ಬೆಳೆದದ್ದು ಸಾಕು, ನಿಧಾನ' ಎಂದು. ಬೆಳವಣಿಗೆಗೆ ತಡೆಯೂ ಬೇಕೆ ಎಂದು ನಾವೂ ಅಚ್ಚರಿಪಟ್ಟೆವು. ಆದರೆ ಈ ಗ್ರಾಹಕವಿಲ್ಲದ ಸುಂಡಿಲಿಗಳನ್ನು 1996ರಲ್ಲಿ ಪರೀಕ್ಷಿಸಿದಾಗ ಅವುಗಳ ಎಲುಬು ಮಿತಿಮೀರಿ ಉದ್ದವಾಗಿದ್ದವು.

ಅಕಾಂಡ್ರೊಪ್ಲೇಸಿಯಾ ಎಂಬ ಕುಬ್ಜತೆಯಲ್ಲಿ ಈ ಗುಂಡಿ ಸಿಕ್ಕಿಹಾಕಿಕೊಂಡಂತಾಗಿ, ಬಾಗಿಲಲ್ಲಿ ಯಾರೂ ಇಲ್ಲದಿದ್ದರೂ ಗಂಟೆ ಬಾರಿಸುತ್ತಲೇ ಇರುತ್ತದೆ. ಕಾರಣ ತಿಳಿದದ್ದು 1994ರಲ್ಲಿ: ಹೆಚ್ಚುಕಡಮೆ ಎಲ್ಲರಲ್ಲೂ ಗ್ರಾಹಕದ 380ನೆಯ ಸ್ಥಾನದಲ್ಲಿ ಗ್ಲೈಸೀನಿನ ಬದಲು ಆರ್ಜಿನೀನ್ ಕುಳಿತಿರುತ್ತದೆ. ಅಷ್ಟೆ. ಇಂಥ ಹತ್ತು ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳ ತಂದೆತಾಯಿಗಳು ಸಾಮಾನ್ಯ ಎತ್ತರದವರೇ. ಹೊಸದಾಗಿ ಆಗುವ ಈ ಬದಲಾವಣೆ ಬಹುತೇಕ ತಂದೆಯ ವೀರ್ಯಾಣುವಿನಲ್ಲಿ ಆದದ್ದು. ವಯಸ್ಸು ಏರಿದಂತೆ ಸಂಭವವೂ ಹೆಚ್ಚು. ಹಾಗೆಂದು ತಂದೆಯನ್ನು ದೂರುವಂತಿಲ್ಲ. ಅದು ಅವನ ಕೈಮೀರಿದ್ದು.

2021ರಲ್ಲಿ ಯುರೋಪು, ಅಮೆರಿಕಗಳಲ್ಲಿ ಒಪ್ಪಿಗೆ ಪಡೆದ ವೊಸೊರಿಟೈಡ್ ಎಂಬ ಚುಚ್ಚುಮದ್ದು ಈ ಗುಂಡಿಯನ್ನು ಮುಟ್ಟುವುದಿಲ್ಲ. ಅದೇ ಕೋಶದ ಇನ್ನೊಂದು ಗ್ರಾಹಕವನ್ನು ಎಬ್ಬಿಸಿ ಒಳಗಿನ ಸದ್ದನ್ನು ತಗ್ಗಿಸುತ್ತದೆ. ದಿನವೂ ಚುಚ್ಚಬೇಕು, ಬೆಲೆಯೂ ವಿಪರೀತ. ಎಲುಬಿನ ತುದಿ ಗಟ್ಟಿಯಾಗಿ ಕೂಡಿಕೊಂಡ ಮೇಲೆ ಎತ್ತರಕ್ಕೆ ಅದರಿಂದ ಪ್ರಯೋಜನವಿಲ್ಲ.